ಸಾಹಿತ್ಯದಲ್ಲಿ ಸಾಕುತಾಯಿಯ ದಿನಚರಿ

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ಕೇಳದ ಮನೆ ಕನ್ನಡ ನಾಡಿನಲ್ಲಿ ಇರಲಾರದು. ಹೆತ್ತವರ ಒಲವಿಗೆ ಕಾರಣ ಬೇಕಿಲ್ಲ, ಅದು ಮಗುವಿನ ರೂಪಗುಣಗಳನ್ನು ಎಣಿಸುವುದಿಲ್ಲ ಎಂಬುದೇ ಅದರ ತಾತ್ಪರ್ಯ. ಹಾಗಾದರೆ ಹೆರದೆ ಸಾಕಿದವಳ ಒಲವು ಯಾವ ಬಗೆಯದು? ಅದು ಎಲ್ಲಿಂದ ಹುಟ್ಟುತ್ತದೆ, ಯಾವುದರಿಂದ ಬಲಿಯುತ್ತದೆ? ಗಾದೆ ಇದಕ್ಕೆ ಉತ್ತರ ಕೊಡುವುದಿಲ್ಲ, ಧರ್ಮಶಾಸ್ತ್ರವೂ ಕೊಡುವುದಿಲ್ಲ. ದತ್ತಕ ವಿಧಿಯನ್ನು ಕುರಿತು ಶಾಸ್ತ್ರಕಾರರು ಬಹು ಸೂಕ್ಷ್ಮವಾಗಿ ಚರ್ಚಿಸಿದ್ದಾರೆ. ಆದರೆ ಅವರ ಚಿಂತೆಯೆಲ್ಲ ಗೋತ್ರ, ಪಿಂಡ, ದಾಯಭಾಗಗಳದು. ಕೊಡತಕ್ಕವರಾರು, ಕೊಳ್ಳತಕ್ಕವರಾರು, ಹೋಮವಾಯಿತೆ ಇಲ್ಲವೆ ಎಂಬಲ್ಲಿಗೆ ಅವರ ವಿಚಾರ ಮುಗಿಯುತ್ತದೆ. ಹೋಮದ ಮರುದಿನ ಬೆಳಗ್ಗೆ ಆ ಮಗುವನ್ನು ಎಬ್ಬಿಸಿ ಮುಖ ತೊಳೆಸಿದವಳಾರು, ಅದು ಉಣ್ಣಲೊಲ್ಲದೆ ಹಟ ಹಿಡಿದಾಗ ಅವಳೇನು ಮಾಡಿದಳು ಎಂಬುದು ಶಾಸ್ತ್ರದ ವಿಷಯವಲ್ಲ, ಕಾವ್ಯದ ವಿಷಯ. ಕಾವ್ಯ ಆ ಕೆಲಸವನ್ನು ಎಷ್ಟರ ಮಟ್ಟಿಗೆ ನೆರವೇರಿಸಿದೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ವಿಚಾರ ಬರಿಯ ಪಾಂಡಿತ್ಯಕ್ಕೆ ಸೇರಿದುದಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ಹೆಣ್ಣುಮಗುವನ್ನೂ ದತ್ತು ಪಡೆಯಬಹುದೆಂದು ವಿಧಿಸಿತು. ಮದುವೆಯಾಗದ ಹೆಂಗಸಾಗಲಿ ವಿಧವೆಯಾಗಲಿ ತನ್ನ ಹಕ್ಕಿನಿಂದಲೇ ದತ್ತು ಪಡೆಯಲು ದಾರಿಮಾಡಿತು. 2015ರ ಬಾಲನ್ಯಾಯ ಕಾಯಿದೆ, ಧರ್ಮಭೇದವಿಲ್ಲದೆ, ಅನಾಥ ಮಕ್ಕಳನ್ನೂ ತ್ಯಕ್ತ ಮಕ್ಕಳನ್ನೂ ದತ್ತು ಕೊಡುವ ಕ್ರಮವನ್ನು ಗೊತ್ತುಪಡಿಸಿತು. ವಂಶಕ್ಕೊಬ್ಬ ಗಂಡು ಬೇಕೆಂದು ಮಗುವನ್ನು ಅರಸುತ್ತಿದ್ದ ಕಾಲ ಹಿಂದಾಗಿ, ಮಗುವಿಗೊಂದು ಮನೆ ಬೇಕೆಂದು ಅರಸುವ ಕಾಲ ಮುಂದೆ ಬಂದಿದೆ. ಹೀಗೆ ಮನೆಗೆ ಬರುವ ಮಕ್ಕಳೆಲ್ಲ ತೊಟ್ಟಿಲ ಕೂಸುಗಳಲ್ಲ. ಒಂದೂವರೆ ಎರಡು ವರ್ಷದ, ತಪ್ಪುಹೆಜ್ಜೆಯಿಟ್ಟು ನಡೆಯುವ, ತೊದಲು ಮಾತು ಕಲಿತ ಮಕ್ಕಳೂ ಬರುತ್ತವೆ. ಅಂಥ ಮಗುವಿಗೆ ಒಂದು ನಿನ್ನೆ ಉಂಟು. ಅದನ್ನು ಎತ್ತಿಕೊಂಡ ಕೈಗಳು ಬೇರೆ, ಮಲಗಿಸಿದ ಹಾಸಿಗೆ ಬೇರೆ; ಕಿವಿಗೆ ಬಿದ್ದ ಮಾತು ಕೂಡ ಕೆಲವೊಮ್ಮೆ ಬೇರೆ. ಹೊಸ ತಾಯಿ ಅದನ್ನು ಒಂದೇ ದಿನದಲ್ಲಿ ತನ್ನದೆಂದು ಸ್ವೀಕರಿಸಬಹುದು. ಅದು ಅವಳನ್ನು ಒಂದೇ ದಿನದಲ್ಲಿ ತನ್ನವಳೆಂದು ಸ್ವೀಕರಿಸುವುದಿಲ್ಲ. ಆ ಎರಡನೆಯ ಸ್ವೀಕಾರಕ್ಕೆ ಹೋಮವಿಲ್ಲ, ಕಾಗದಪತ್ರವಿಲ್ಲ. ಅದು ನಡೆಯುವುದು ಅಡುಗೆಮನೆಯಲ್ಲಿ, ಬಚ್ಚಲಲ್ಲಿ, ನಡುರಾತ್ರಿಯ ಹಾಸಿಗೆಯಲ್ಲಿ. ಆ ದಿನಗಳನ್ನು ಕಳೆಯುತ್ತಿರುವ ತಾಯಿ ಪುಸ್ತಕವನ್ನು ತೆರೆದರೆ ಅಲ್ಲಿ ತನ್ನ ಪ್ರತಿಬಿಂಬವನ್ನು ಕಾಣುವಳೆ?

ಮೊದಲು ಮಹಾಭಾರತವನ್ನು ನೋಡಬಹುದು. ಉದ್ಯೋಗಪರ್ವದಲ್ಲಿ ಕೃಷ್ಣನು ಕರ್ಣನನ್ನು ರಥಕ್ಕೆ ಹತ್ತಿಸಿಕೊಂಡು ಹೋಗಿ, ನೀನು ಕುಂತಿಯ ಮಗ, ಪಾಂಡವರಲ್ಲಿ ಹಿರಿಯ, ರಾಜ್ಯ ನಿನ್ನದು ಎಂದು ತಿಳಿಸುವ ಸಂದರ್ಭ ಎಲ್ಲರಿಗೂ ಪರಿಚಿತವಾದುದು. ಕರ್ಣನು ಅದನ್ನು ನಿರಾಕರಿಸಿದುದಕ್ಕೆ ದುರ್ಯೋಧನನ ಋಣವೇ ಕಾರಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ವ್ಯಾಸರ ಕರ್ಣನು ಋಣದ ಮಾತಿಗೆ ಮೊದಲು ಆಡುವ ಮಾತು ಬೇರೆ. ಅಧಿರಥನು ತನ್ನನ್ನು ಮನೆಗೆ ತಂದಾಗ ರಾಧೆಯ ಎದೆಯಲ್ಲಿ ಒಲವಿನಿಂದ ಹಾಲು ಇಳಿಯಿತೆಂದು ಹೇಳಿ, ಅವಳು ತನ್ನ ಮಲಮೂತ್ರಗಳನ್ನು ಎತ್ತಿದಳೆಂಬುದನ್ನು ಅವನು ಕೃಷ್ಣನಿಗೆ ನೆನಪಿಸುತ್ತಾನೆ. ಅಂಥವಳ ಪಿಂಡವನ್ನು ತಪ್ಪಿಸುವುದು ಹೇಗೆಂದು ಕೇಳುತ್ತಾನೆ. ಭೂಮಂಡಲದ ಸಾಮ್ರಾಜ್ಯವನ್ನು ಒಂದು ತಟ್ಟೆಯಲ್ಲಿಟ್ಟು ತೂಗುವಾಗ ಮತ್ತೊಂದು ತಟ್ಟೆಯಲ್ಲಿ ಅವನು ಇಡುವುದು ಮಗುವಿನ ಬಟ್ಟೆ ಒಗೆದ ಕೈಗಳನ್ನು.

ಹಾಲು ಇಳಿಯಿತೆಂಬುದು ಪವಾಡ. ಅದನ್ನು ಕವಿಗಳು ಮೆಚ್ಚುತ್ತಾರೆ. ಮಲಮೂತ್ರವೆಂಬುದು ನಿತ್ಯ, ಅದನ್ನು ಕವಿಗಳು ಮುಚ್ಚುತ್ತಾರೆ. ವ್ಯಾಸರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಸಿದುದು ಅವರ ಧೀರತೆ. ಪವಾಡ ಒಂದು ದಿನದ್ದು, ಸೇವೆ ಸಾವಿರ ದಿನದ್ದು ಎಂಬ ತಾರತಮ್ಯ ಆ ಮಾತಿನಲ್ಲಿ ಅಡಗಿದೆ. ಆದರೂ ಆ ಸಾವಿರ ದಿನಗಳಲ್ಲಿ ಒಂದನ್ನಾದರೂ ಓದುಗನು ಕಣ್ಣಾರೆ ಕಾಣುವುದಿಲ್ಲ. ರಾಧೆ ಒಂದು ಸಾಕ್ಷ್ಯವಾಗಿ ಉಳಿಯುತ್ತಾಳಲ್ಲದೆ ಪಾತ್ರವಾಗಿ ಬೆಳೆಯುವುದಿಲ್ಲ. 941ರಲ್ಲಿ ಪಂಪನು ರಚಿಸಿದ ವಿಕ್ರಮಾರ್ಜುನ ವಿಜಯದಲ್ಲಾಗಲಿ, ಮುಂದೆ ಕುಮಾರವ್ಯಾಸನ ಭಾರತದಲ್ಲಾಗಲಿ ಕರ್ಣನ ಛಲಕ್ಕೂ ತ್ಯಾಗಕ್ಕೂ ದೊರೆತ ಬೆಳಕಿನಲ್ಲಿ ರಾಧೆಯ ಅಂಗಳಕ್ಕೆ ಬಿದ್ದುದು ಅತ್ಯಲ್ಪ. ಮಗನ ಹೆಸರಿನಲ್ಲಿ ಮಾತ್ರ ಅವಳು ಬದುಕಿದ್ದಾಳೆ. ರಾಧೇಯನೆಂದು ಕರೆದಾಗಲೆಲ್ಲ ಅವಳ ಕೂಲಿ ಅವಳಿಗೆ ಸಂದಂತೆ ತೋರುತ್ತದೆ.

ರಾಧೆಗೆ ದೊರೆಯದ ದಿನಚರಿ ಯಶೋದೆಗೆ ದೊರೆಯಿತು. ಭಾಗವತದ ದಶಮಸ್ಕಂಧದಲ್ಲಿ ಮೊಸರು ಕಡೆಯುವ ಬೆಳಗಿನ ಚಿತ್ರವಿದೆ. ತಾಯಿ ಕಡೆಯುತ್ತಿರುವಾಗ ಮಗು ಬಂದು ಕಡೆಗೋಲನ್ನು ಹಿಡಿಯುತ್ತದೆ. ಅವಳು ಕೆಲಸ ನಿಲ್ಲಿಸಿ ಹಾಲೂಡಿಸುತ್ತಾಳೆ. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತದೆ. ಮಗು ಇನ್ನೂ ತಣಿಯದಿರುವಾಗಲೇ ಅದನ್ನು ಕೆಳಗಿಳಿಸಿ ಅವಳು ಓಡುತ್ತಾಳೆ. ಸಿಟ್ಟಾದ ಮಗು ತುಟಿ ಕಚ್ಚಿ ಮೊಸರಿನ ಗಡಿಗೆಯನ್ನು ಕಲ್ಲಿನಿಂದ ಒಡೆಯುತ್ತದೆ. ಆಮೇಲೆ ಅವಳು ಕೋಲು ಹಿಡಿದು ಅಟ್ಟುವುದು, ಮಗು ಅಂಜಿದುದನ್ನು ಕಂಡು ಕೋಲನ್ನು ಎಸೆಯುವುದು, ಒರಳಿಗೆ ಕಟ್ಟಹೋದರೆ ಹಗ್ಗ ಎರಡಂಗುಲ ಸಾಲದೆ ಬರುವುದು, ಮನೆಯ ಹಗ್ಗಗಳನ್ನೆಲ್ಲ ಗಂಟು ಹಾಕಿದರೂ ಅದೇ ಎರಡಂಗುಲ ಉಳಿಯುವುದು, ಕೊನೆಗೆ ತಾಯಿ ಬೆವರಿ ಬಳಲಿದುದನ್ನು ನೋಡಿ ಮಗುವೇ ಕಟ್ಟಿಸಿಕೊಳ್ಳುವುದು, ಹೀಗೆ ಕಥೆ ಸಾಗುತ್ತದೆ.

ವ್ಯಾಖ್ಯಾನಕಾರರು ಆ ಎರಡಂಗುಲದಲ್ಲಿ ವೇದಾಂತವನ್ನು ಕಂಡಿದ್ದಾರೆ, ಕಾಣುವುದು ಯುಕ್ತವೇ. ಆದರೆ ಮಕ್ಕಳನ್ನು ಸಾಕಿದವರಿಗೆ ಅದರಲ್ಲಿ ಮೊದಲು ಕಾಣುವುದು ಲೋಕಾನುಭವ. ಮೊಲೆಯುಣ್ಣುವ ಮಗುವೋ ಉಕ್ಕುವ ಹಾಲೋ ಎಂಬ ಇಕ್ಕಟ್ಟು ಪ್ರತಿಯೊಬ್ಬ ತಾಯಿಯದು. ಯಶೋದೆ ಹಾಲಿನ ಕಡೆಗೆ ಓಡಿದಳೆಂದು ಪುರಾಣ ಅವಳನ್ನು ಕಡಮೆಯ ತಾಯಿಯೆಂದು ಹೇಳಲಿಲ್ಲ. ಗಡಿಗೆ ಒಡೆದ ಮಗುವನ್ನು ಕೆಟ್ಟ ಮಗುವೆಂದೂ ಹೇಳಲಿಲ್ಲ. ಕಟ್ಟಿಹಾಕಲು ಹಗ್ಗ ಎಂದೂ ಸಾಲದು, ಮಗುವೇ ಮನಸ್ಸು ಮಾಡಿದಾಗ ಮಾತ್ರ ಸಾಲುತ್ತದೆ ಎಂಬುದಕ್ಕಿಂತ ನಿಜವಾದ ಮಾತನ್ನು ಸಾಕುವಿಕೆಯ ವಿಷಯದಲ್ಲಿ ಯಾರೂ ಹೇಳಿಲ್ಲ. ಪುರಂದರದಾಸರೇ ಮೊದಲಾದ ಹರಿದಾಸರು ಈ ದಿನಚರಿಯನ್ನು ಕನ್ನಡದ ಹಿತ್ತಿಲಿಗೂ ಹಜಾರಕ್ಕೂ ತಂದರು. ಗುಮ್ಮನ ಹೆಸರಿನಿಂದ ಹೆದರಿಸುವ ತಾಯಿ, ಅವನನ್ನು ಕರೆಯಬೇಡವೆಂದು ಅಂಗಲಾಚುವ ಕೂಸು, ದೂರು ಹೊತ್ತು ಬರುವ ನೆರೆಹೊರೆಯವರು, ಇವರೆಲ್ಲ ಗೋಕುಲದವರಾಗಿರುವಷ್ಟೇ ಕನ್ನಡ ಮನೆಯವರೂ ಆಗಿದ್ದಾರೆ. ಜಗತ್ತನ್ನು ಉದ್ಧರಿಸುವವನನ್ನು ಮಗುವೆಂದು ಆಡಿಸಿದ ಸೋಜಿಗವನ್ನು ದಾಸರು ಬೆರಗಿನಿಂದ ಹಾಡಿದರು.

ಇಷ್ಟಾದರೂ ಯಶೋದೆಯ ಚಿತ್ರದಲ್ಲಿ ಒಂದು ಕೊರತೆಯುಂಟು. ಭಾಗವತದ ಪ್ರಕಾರ ವಸುದೇವನು ಮಗುವನ್ನು ತಂದಿರಿಸಿದಾಗ ಯಶೋದೆ ಹೆರಿಗೆಯ ಬಳಲಿಕೆಯಿಂದ ನಿದ್ರಿಸುತ್ತಿದ್ದಳು. ತನಗೆ ಹುಟ್ಟಿದುದು ಗಂಡೋ ಹೆಣ್ಣೋ ಎಂಬುದನ್ನೂ ಅರಿಯಳು. ಅವಳ ಪಾಲಿಗೆ ಕೃಷ್ಣನು ಹೆತ್ತ ಮಗನೇ. ಮಗುವಿಗೂ ಗೋಕುಲಕ್ಕೆ ಮೊದಲು ಒಂದು ನಿನ್ನೆ ಇರಲಿಲ್ಲ. ಆದುದರಿಂದ, ಈ ಮಗು ನನ್ನನ್ನು ಒಪ್ಪುವುದೆ ಎಂಬ ಆತಂಕ ಯಶೋದೆಯನ್ನು ಎಂದೂ ಕಾಡಲಿಲ್ಲ. ದಿನಚರಿ ಸಾಕುತಾಯಿಯದೇ, ಆದರೆ ಸಾಕುತಾಯಿಯೆಂಬ ಅರಿವು ಅವಳದಲ್ಲ. ರಾಧೆಗೆ ಅರಿವಿತ್ತು, ಕಾವ್ಯದಲ್ಲಿ ದಿನಚರಿ ದೊರೆಯಲಿಲ್ಲ. ಯಶೋದೆಗೆ ದಿನಚರಿ ದೊರೆಯಿತು, ಅರಿವಿರಲಿಲ್ಲ.

ಅರಿವುಳ್ಳ ಮಗುವಿನ ದನಿ ಕನ್ನಡದಲ್ಲಿ ಕೇಳುವುದು ಅನಿರೀಕ್ಷಿತವಾದ ಒಂದು ಸ್ಥಳದಲ್ಲಿ, ಗೋವಿನ ಹಾಡಿನಲ್ಲಿ. ಹುಲಿಗೆ ಮಾತು ಕೊಟ್ಟು ಬಂದ ಪುಣ್ಯಕೋಟಿ ಕರುವಿಗೆ ಕಡೆಯ ಬಾರಿ ಹಾಲೂಡಿಸಿದಾಗ, ಆ ಕರು ಧರ್ಮದ ವಿಚಾರವನ್ನು ಎತ್ತುವುದಿಲ್ಲ. ಇನ್ನು ಹಾಲು ಯಾರಲ್ಲಿ, ಮಲಗುವುದು ಯಾರ ಬಳಿ ಎಂದು ಕೇಳುತ್ತದೆ. ತಾಯಿಯನ್ನು ಕಳೆದುಕೊಳ್ಳುವ ಎಳೆಯ ಮಗುವಿನ ಪ್ರಶ್ನೆ ಸರಿಯಾಗಿ ಇದೇ: ಉಣಿಸು ಮತ್ತು ನಿದ್ದೆ. ಪುಣ್ಯಕೋಟಿಯೂ ಉಪದೇಶದಿಂದ ಉತ್ತರ ಕೊಡದೆ ದೊಡ್ಡಿಯ ಇತರ ಹಸುಗಳನ್ನು ಕರೆದು, ಈ ತಬ್ಬಲಿ ಎದುರಿಗೆ ಬಂದರೂ ಹಿಂದೆ ಬಂದರೂ ನೋಯಿಸದೆ ಮಗನಂತೆ ಕಾಣಬೇಕೆಂದು ಬೇಡುತ್ತಾಳೆ. ಸಾಕುತಾಯಿಯಲ್ಲಿ ಕೋರತಕ್ಕುದು ಮೊದಲಿಗೆ ಮಹಾಪ್ರೇಮವಲ್ಲ, ನೋಯಿಸದಿರುವ ತಾಳ್ಮೆ ಎಂಬ ಸೂಕ್ಷ್ಮವನ್ನು ಆ ಹಾಡು ಬಲ್ಲದು. ಆದರೆ ಹುಲಿ ಪ್ರಾಣಬಿಟ್ಟು ಪುಣ್ಯಕೋಟಿ ಮರಳುತ್ತಾಳೆ. ಹಾಡು ಸತ್ಯದ ಜಯಕ್ಕೆ ತಿರುಗುತ್ತದೆ. ದೊಡ್ಡಿಯ ಹಸುಗಳ ಪರೀಕ್ಷೆ ನಡೆಯಲೇ ಇಲ್ಲ. ಕರುವಿನ ಪ್ರಶ್ನೆ ಹಾಗೆಯೇ ನಿಂತಿತು.

ಆ ಪ್ರಶ್ನೆಗೆ ನೇರವಾದ ಉತ್ತರ ದೊರೆಯುವುದು ದೂರದ ಇಂಗ್ಲಿಷ್ ಸಾಹಿತ್ಯದಲ್ಲಿ. ಜಾರ್ಜ್ ಎಲಿಯಟ್ ಎಂಬ ಹೆಸರಿನಿಂದ ಬರೆದ ಮೇರಿ ಆನ್ ಇವಾನ್ಸ್ ಮಕ್ಕಳನ್ನು ಹೆತ್ತವಳಲ್ಲ. ಆದರೆ ತನ್ನ ಸಂಗಾತಿಯಾದ ಲೂಯಿಸನ ಮಕ್ಕಳಿಗೆ ತಾಯಿಯ ಸ್ಥಾನದಲ್ಲಿದ್ದವಳು. 1861ರಲ್ಲಿ ಪ್ರಕಟವಾದ ಅವಳ ಸೈಲಸ್ ಮಾರ್ನರ್ ಕಾದಂಬರಿಯಲ್ಲಿ ಮಗುವನ್ನು ಸಾಕುವವನು ಒಬ್ಬ ಗಂಡಸು, ಒಂಟಿ ನೇಕಾರ. ತಾಯ್ತನವೆಂಬುದು ಮೈಯ ಧರ್ಮವೋ ಕೈಯ ಕೆಲಸವೋ ಎಂಬುದನ್ನು ಪರೀಕ್ಷಿಸಲೆಂದೇ ಅವಳು ಗಂಡಸನ್ನು ಆರಿಸಿದಂತಿದೆ. ಹಿಮ ಬೀಳುವ ರಾತ್ರಿ ತಾಯಿ ಹಾದಿಯಲ್ಲಿ ಸತ್ತು ಬಿದ್ದಿರಲು, ಸುಮಾರು ಎರಡು ವರ್ಷದ ಹೆಣ್ಣುಮಗು ತಪ್ಪುಹೆಜ್ಜೆಯಿಡುತ್ತ ಬೆಳಕನ್ನು ಹುಡುಕಿ ಅವನ ಒಲೆಯ ಬಳಿಗೆ ಬಂದು ಮಲಗುತ್ತದೆ. ಕಳುವಾದ ಚಿನ್ನವೇ ಮರಳಿತೆಂದು ಆ ದೃಷ್ಟಿಮಾಂದ್ಯದ ಮನುಷ್ಯ ಮುಟ್ಟಿದರೆ, ಕೈಗೆ ಸಿಕ್ಕುದು ಮೆತ್ತನೆಯ ಕೂದಲು.

ಆ ಮೇಲಿನದು ಕಾವ್ಯವಲ್ಲ, ಕೆಲಸ. ಮಗು ಎಚ್ಚತ್ತು ತಾಯಿಯನ್ನು ಕರೆದು ಅಳುತ್ತದೆ. ತಾನು ತಿನ್ನದೆ ಉಳಿಸಿಟ್ಟಿದ್ದ ಕಂದು ಸಕ್ಕರೆಯನ್ನು ಗಂಜಿಗೆ ಹಾಕಿ ಉಣಿಸುತ್ತಾನೆ. ಅದು ಮತ್ತೆ ಅಳುತ್ತದೆ. ಒದ್ದೆ ಬೂಟುಗಳು ಕಾಲನ್ನು ನೋಯಿಸುತ್ತಿವೆಯೆಂದು ಅವನಿಗೆ ತಡವಾಗಿ ಹೊಳೆಯುತ್ತದೆ. ಬೂಟು ಬಿಚ್ಚಿದೊಡನೆ ಮಗು ತನ್ನ ಕಾಲ್ಬೆರಳುಗಳನ್ನು ನೋಡಿಕೊಂಡು ನಗುತ್ತದೆ. ನೆರೆಯ ಡಾಲಿ ವಿನ್‌ತ್ರಾಪ್ ಎಂಬ ಸದ್ಗೃಹಿಣಿ ತನ್ನ ಮಗನ ಹಳೆಯ ಬಟ್ಟೆಗಳನ್ನು ತಂದು, ಮೀಯಿಸುವುದನ್ನೂ ತೊಡಿಸುವುದನ್ನೂ ತಾನೇ ಮಾಡಿಕೊಡಲು ಬಂದಾಗ, ಸೈಲಸನು ಕಲಿಸಿಕೊಡೆಂದು ಕೇಳುತ್ತಾನೆ. ಮಗುವಿನ ಕೆಲಸವನ್ನು ತಾನೇ ಮಾಡದಿದ್ದರೆ ಅದು ಬೇರೆಯವರನ್ನು ಹಚ್ಚಿಕೊಂಡೀತು ಎಂಬುದೇ ಅವನ ಭಯ. ಈ ಒಂದು ಭಯದಲ್ಲಿ ಕಾದಂಬರಿಯ ಸಿದ್ಧಾಂತವೆಲ್ಲ ಅಡಗಿದೆ. ಹಕ್ಕು ಬರುವುದು ರಕ್ತದಿಂದಲ್ಲ, ಕರುಣೆಯಿಂದ ಕೂಡ ಅಲ್ಲ. ಬಟ್ಟೆ ತೊಡಿಸಿದ ಬೆರಳುಗಳಿಂದ. ಕರ್ಣನು ಕೃಷ್ಣನಿಗೆ ಹೇಳಿದುದೂ ಇದನ್ನೇ.

ಯಶೋದೆಯ ಹಗ್ಗವನ್ನು ನೆನಪಿನಲ್ಲಿಟ್ಟವರಿಗೆ ಈ ಕಾದಂಬರಿಯ ಮತ್ತೊಂದು ಸನ್ನಿವೇಶ ಅಚ್ಚರಿಯನ್ನುಂಟುಮಾಡುತ್ತದೆ. ಮಗ್ಗದಲ್ಲಿ ಕುಳಿತಾಗ ಎಪ್ಪಿ ಹೊರಗೆ ಓಡದಿರಲೆಂದು ಸೈಲಸನು ಅವಳ ನಡುವಿಗೆ ಬಟ್ಟೆಯ ಉದ್ದನೆಯ ಪಟ್ಟಿಯನ್ನು ಸುತ್ತಿ ಮಗ್ಗಕ್ಕೆ ಕಟ್ಟಿರುತ್ತಾನೆ. ಒಂದು ಬೆಳಗ್ಗೆ ಅವನು ಮರೆತಿಟ್ಟ ಕತ್ತರಿಯಿಂದ ಅವಳು ಅದನ್ನು ಕತ್ತರಿಸಿ ಹೊರಟುಬಿಡುತ್ತಾಳೆ. ಅವನು ಹುಚ್ಚನಂತೆ ಹುಡುಕಿದರೆ, ಹೊಲದ ಹೊಂಡದ ಬಳಿ ತನ್ನ ಪುಟ್ಟ ಬೂಟಿನಲ್ಲಿ ನೀರು ತುಂಬಿ ಸುರಿಯುತ್ತ ಸುಖವಾಗಿ ಕುಳಿತಿದ್ದಾಳೆ. ಶಿಕ್ಷೆ ಕೊಡಲೇಬೇಕೆಂದು ಡಾಲಿ ಹೇಳಿದ್ದ ಮಾತನ್ನು ನೆನೆದು ಅವನು ಅವಳನ್ನು ಇದ್ದಲಗೂಡಿಗೆ ಹಾಕುತ್ತಾನೆ. ಅಳು ಕೇಳಿದೊಡನೆ ತೆಗೆದು, ಮೀಯಿಸಿ, ಹೊಸ ಬಟ್ಟೆ ತೊಡಿಸಿ, ಇನ್ನು ಗುಣ ಕಲಿತಳೆಂದು ತಿರುಗುವಷ್ಟರಲ್ಲಿ, ಅವಳು ಅದೊಂದು ಆಟವೆಂದು ತಿಳಿದು ಮತ್ತೆ ತಾನಾಗಿಯೇ ಗೂಡು ಹೊಕ್ಕಿದ್ದಾಳೆ. ಅಂದಿಗೆ ಶಿಕ್ಷೆಯ ಪ್ರಕರಣ ಮುಗಿಯಿತು. ಯಶೋದೆಯ ಹಗ್ಗ ಎರಡಂಗುಲ ಸಾಲದೆ ಹೋಯಿತು, ಸೈಲಸನ ಪಟ್ಟಿ ತುಂಡಾಯಿತು. ದೇಶ ಬೇರೆ, ಕಾಲ ಬೇರೆ, ತತ್ತ್ವ ಬೇರೆ. ಕಂಡ ಸತ್ಯ ಒಂದೇ.

ಆದರೆ ಎಲಿಯಟ್ ವಿಷಯದಲ್ಲಿಯೂ ಒಂದು ಆಕ್ಷೇಪವನ್ನು ಎತ್ತದೆ ಇರಲಾಗದು. ಎಪ್ಪಿಯ ಅಳು ಬಹು ಬೇಗ ನಿಲ್ಲುತ್ತದೆ. ಬ್ರಿಟನ್ನಿನ ವೈದ್ಯ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದು 1951ರಲ್ಲಿ ಪ್ರಕಟವಾದ ವರದಿಯೂ, ಅವನ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ ಎಳೆಯ ಮಕ್ಕಳನ್ನು ಕುರಿತು ನಡೆಸಿದ ಅವಲೋಕನಗಳೂ ಈ ವಿಷಯದಲ್ಲಿ ಹೊಸ ಬೆಳಕು ಬೀರಿದುವು. ಹಚ್ಚಿಕೊಂಡವರಿಂದ ಅಗಲಿದ ಮಗು ಮೊದಲು ಪ್ರತಿಭಟಿಸುತ್ತದೆ, ಆಮೇಲೆ ಮಂಕಾಗುತ್ತದೆ, ಕೊನೆಗೆ ಯಾರನ್ನೂ ಹಚ್ಚಿಕೊಳ್ಳದ ಒಂದು ಶಾಂತಿಯನ್ನು ತಾಳುತ್ತದೆ. ಆ ಶಾಂತಿಯನ್ನು ಕಂಡು ಹಿರಿಯರು ಮಗು ಹೊಂದಿಕೊಂಡಿತೆಂದು ಸಂತೋಷಪಡುತ್ತಾರೆ. ದತ್ತು ಬಂದ ಮಗು ಅಳದೆ, ಬಂದವರೆಲ್ಲರ ತೋಳಿಗೆ ನಗುತ್ತ ಹೋದರೆ ಅದು ಸುಲಕ್ಷಣವೇ ಎಂದು ಹೇಳಲು ಬಾರದು. ತಾಯಿಯ ಸೆರಗನ್ನು ಹಿಡಿದು ಅವಳು ಬಾಗಿಲ ಮರೆಯಾದೊಡನೆ ಕೂಗತೊಡಗಿದರೆ ಅದು ದುರ್ಲಕ್ಷಣವೂ ಅಲ್ಲ. ಎಷ್ಟೋ ವೇಳೆ ಆ ಕೂಗೇ ಮಗು ತಾಯಿಯನ್ನು ದತ್ತು ತೆಗೆದುಕೊಂಡುದಕ್ಕೆ ರಸೀತಿ. ಉಂಡ ಮೇಲೂ ಅನ್ನವನ್ನು ಮುಷ್ಟಿಯಲ್ಲಿ ಬಚ್ಚಿಡುವ, ಹಾಸಿಗೆಯಲ್ಲಿ ಒಬ್ಬರೇ ಇರಲು ಅಂಜುವ, ಹೊಸ ಮನೆಯ ಮಾತು ತಿಳಿಯದೆ ಮುಖವನ್ನೇ ನೋಡುವ ಮಗುವಿನ ಈ ಮೆಲ್ಲನೆಯ ತಿರುವು ಮಹಾಕಾವ್ಯಕ್ಕೆ ಯೋಗ್ಯವಾದ ವಸ್ತು. ಎಲಿಯಟ್ ಅದರ ಬಾಗಿಲನ್ನು ತೆರೆದಳು, ಒಳಗೆ ಬಹು ದೂರ ಹೋಗಲಿಲ್ಲ.

ಭಾರತದ ಕಾದಂಬರಿಗಳಲ್ಲಿ ಸಾಕುತಾಯಿಯ ಅರಿವನ್ನು ಆಳವಾಗಿ ಚಿತ್ರಿಸಿದ ಕೃತಿಯೆಂದರೆ 1910ರಲ್ಲಿ ಗ್ರಂಥರೂಪದಲ್ಲಿ ಹೊರಬಂದ ರವೀಂದ್ರನಾಥ ಠಾಕೂರರ ಗೋರಾ. 1857ರ ದಂಗೆಯ ಕಾಲದಲ್ಲಿ ಆಶ್ರಯ ಬೇಡಿ ಬಂದ ಐರಿಷ್ ಹೆಂಗಸು ಮಗುವನ್ನು ಹೆತ್ತು ಸಾಯುತ್ತಾಳೆ. ಆನಂದಮಯಿ ಆ ಮಗುವನ್ನು ಮಡಿಲಿಗೆ ಎತ್ತಿಕೊಳ್ಳುತ್ತಾಳೆ. ಎತ್ತಿಕೊಂಡ ದಿನವೇ ಅವಳ ಮಡಿಯಾಚಾರ ಕಳಚಿ ಬೀಳುತ್ತದೆ. ವಿಧಿಯ ವಿಡಂಬನೆ ನೋಡಬೇಕು: ಆ ಮಗನೇ ಬೆಳೆದು ಕಟ್ಟಾ ಸನಾತನಿಯಾಗಿ, ಕ್ರೈಸ್ತ ದಾಸಿ ಓಡಾಡುವ ತಾಯಿಯ ಕೋಣೆಯಲ್ಲಿ ಉಣ್ಣಲೊಲ್ಲೆನೆನ್ನುತ್ತಾನೆ. ತನ್ನ ಕೈತುತ್ತಿನಿಂದ ಬೆಳೆದವನು ತನ್ನ ಅನ್ನವನ್ನು ನಿರಾಕರಿಸಿದಾಗ, ಎರಡು ಮಾತಿನಲ್ಲಿ ನಿಜವನ್ನು ಹೇಳಿ ಅವನ ಬಾಯಿ ಮುಚ್ಚಿಸಬಲ್ಲ ತಾಯಿ ಸುಮ್ಮನಿರುತ್ತಾಳೆ. ದತ್ತಕವೆಂದರೆ ಮಗು ಮನೆಯ ರೀತಿಗೆ ಒಗ್ಗುವುದು ಮಾತ್ರವಲ್ಲ, ಮನೆಯೂ ಮಗುವಿಗಾಗಿ ಮಾರ್ಪಡಬೇಕು ಎಂಬುದನ್ನು ಆನಂದಮಯಿಯಷ್ಟು ಚೆನ್ನಾಗಿ ತೋರಿಸಿದ ಪಾತ್ರ ವಿರಳ.

ಆದರೂ ಅವಳ ಮೌನವನ್ನು ಮೆಚ್ಚುವುದರ ಜೊತೆಗೆ ಅದರ ಬೆಲೆಯನ್ನೂ ಲೆಕ್ಕಹಾಕಬೇಕು. ಗೋರಾ ತನ್ನ ಜನ್ಮವನ್ನು ಅರಿಯುವುದು ಪ್ರಾಯಕ್ಕೆ ಬಂದ ಮೇಲೆ, ಒಂದೇ ಪೆಟ್ಟಿನಲ್ಲಿ. ಕರ್ಣನ ಜನ್ಮವನ್ನು ಕುಂತಿ ಬಾಯಿಬಿಟ್ಟು ಒಪ್ಪಿಕೊಳ್ಳುವುದು ಯುದ್ಧದ ಹೊಸ್ತಿಲಲ್ಲಿ. ಇದಕ್ಕೆ ಎದುರಾಗಿ ಸೈಲಸನು ಎಪ್ಪಿಗೆ, ಅವಳ ತಾಯಿ ಎಲ್ಲಿ ಹೇಗೆ ಸತ್ತಳೆಂಬುದನ್ನು ಹೇಳಿಯೇ ಬೆಳೆಸುತ್ತಾನೆ. ಸತ್ತವಳ ಮದುವೆಯ ಉಂಗುರವನ್ನು ಜೋಪಾನವಾಗಿಟ್ಟು ಅವಳ ಕೈಗೆ ಕೊಡುತ್ತಾನೆ. 16 ವರ್ಷಗಳ ಅನಂತರ, ಹೆತ್ತ ತಂದೆಯಾದ ಸಿರಿವಂತ ಗಾಡ್‌ಫ್ರೀ ಕ್ಯಾಸ್ ಬಂದು ಹಕ್ಕು ಹೇಳಿದಾಗ ಅವಳು ಕದಲುವುದಿಲ್ಲ. ಸಾಕಿದವನನ್ನು ಬಿಟ್ಟು ಬರಲಾರೆನೆನ್ನುತ್ತಾಳೆ. ಮುಚ್ಚಿಟ್ಟ ಸತ್ಯ ಸಿಡಿಲಾಗುತ್ತದೆ, ಉಣಿಸಿನೊಡನೆ ಬೆರೆಸಿ ಕೊಟ್ಟ ಸತ್ಯ ರಕ್ತಗತವಾಗುತ್ತದೆ. ದತ್ತು ಪಡೆದ ಸಂಗತಿಯನ್ನು ಮಗುವಿಗೆ ಎಳೆವೆಯಿಂದಲೇ, ಅದಕ್ಕೆ ತಿಳಿಯುವ ಮಾತಿನಲ್ಲಿ ಹೇಳುತ್ತ ಬರುವುದು ಒಳ್ಳೆಯದೆಂದು ಈಗಿನ ತಜ್ಞರು ಹೇಳುತ್ತಾರೆ. ಹಳ್ಳಿಯ ನೇಕಾರನೊಬ್ಬನು ಅದನ್ನು ಬಹು ಹಿಂದೆಯೇ ಬಲ್ಲವನಾಗಿದ್ದನೆಂಬುದು ಸಾಹಿತ್ಯದ ಹೆಮ್ಮೆ.

ಇಷ್ಟೆಲ್ಲ ನೋಡಿದ ಮೇಲೆ ಒಂದು ದೋಷ ಎದ್ದು ಕಾಣುತ್ತದೆ. ಸಾಕಿದವರನ್ನು ಕವಿಗಳು ರಂಗಕ್ಕೆ ಕರೆಯುವುದು ಬಹುಮಟ್ಟಿಗೆ ಹೆತ್ತವರು ಮರಳಿ ಬರುವ ಗಳಿಗೆಗಾಗಿ. ಕುಂತಿಯ ಮಾತು ಬಂದಾಗ ರಾಧೆಯ ನೆನಪು. ಗಾಡ್‌ಫ್ರೀ ಬಂದಾಗ ಸೈಲಸನ ಪರೀಕ್ಷೆ. ಅಕ್ರೂರನ ರಥ ಬಂದಾಗ ಗೋಕುಲದ ಅಳು. ಅಗಲಿಕೆಯಲ್ಲಿ ರಸವಿದೆ, ನಿಜ. ಆದರೆ ಸಾಕುತಾಯಿಯ ಜೀವನದ ದೊಡ್ಡ ಸಂಗತಿ ಮಗುವನ್ನು ಕಳೆದುಕೊಳ್ಳುವುದಲ್ಲ, ಪಡೆದುಕೊಳ್ಳುವುದು. ಆ ಪಡೆಯುವಿಕೆಯಾದರೂ ಒಂದು ಕ್ಷಣದಲ್ಲಿ ನಡೆಯದೆ ಮುನ್ನೂರು ಬೆಳಗುಗಳ ಮೇಲೆ ಹರಡಿರುತ್ತದೆ. ಆದುದರಿಂದಲೇ ಅದು ನಾಟಕಕ್ಕೆ ಒಗ್ಗದೆ ಹೋಯಿತು. ನೆರೆಯವರು ಬಂದು, ಮಗು ಥೇಟು ತಾಯಿಯ ಹಾಗೆಯೇ ಇದೆಯೆಂದು ಉಪಚಾರಕ್ಕೆ ಆಡಿದಾಗ ಅವಳು ನಗುವಳೋ ನೋಯುವಳೋ. ನಡುರಾತ್ರಿ ಮಗು ಬೆಚ್ಚಿ ಎದ್ದು ತನಗೆ ತಿಳಿಯದ ಯಾರನ್ನೋ ಕರೆದಾಗ ಆ ಹೆಸರಿನ ಮೇಲೆ ಅವಳಿಗೆ ಮತ್ಸರವಾಗುವುದೋ ಕನಿಕರವಾಗುವುದೋ. ಒಲವು ಇನ್ನೂ ಮೂಡದ ದಿನಗಳಲ್ಲಿ, ಒಲವಿಲ್ಲವೆಂಬ ಅಂಜಿಕೆಯಿಂದಲೇ ಅವಳು ಎಷ್ಟು ಬಾರಿ ಮಗುವಿನ ಕಾಲು ತೊಳೆದಳೋ, ಇವನ್ನು ಹೇಳುವ ಕೃತಿ ಕನ್ನಡಕ್ಕೆ ಬೇಕಾಗಿದೆ. ಅದಕ್ಕೆ ಬೇಕಾದ ಸಾಮಗ್ರಿ ದಾಸರ ಪದಗಳಲ್ಲಿದೆ, ಗೋವಿನ ಹಾಡಿನಲ್ಲಿದೆ. ಅರಿವುಳ್ಳ ಯಶೋದೆಯೊಬ್ಬಳು ಮಾತ್ರ ಬರಬೇಕು.

ಅವಳು ಬರುವವರೆಗೆ ಕರ್ಣನ ಆ ಒಂದು ಮಾತನ್ನು ಓದುಗರು ನೆನಪಿನಲ್ಲಿಡುವುದು ಉಚಿತ. ಸಾಮ್ರಾಜ್ಯವನ್ನು ನಿರಾಕರಿಸಲು ಅವನಿಗೆ ಸಾಕಾದುದು ತೊಳೆದ ಕೈಗಳ ನೆನಪು. ಹಾಗಾದರೆ ಈ ಹೊತ್ತು ಯಾವುದೋ ಮನೆಯ ಬಚ್ಚಲಲ್ಲಿ, ಒಲ್ಲೆನೆಂದು ಕೂಗುವ ಎರಡು ವರ್ಷದ ಮಗುವಿಗೆ ನೀರೆರೆಯುತ್ತಿರುವ ತಾಯಿ ಮಾಡುತ್ತಿರುವುದು ಸಣ್ಣ ಕೆಲಸವೆಂದು ಹೇಳುವಂತಿಲ್ಲ.